ವಾಸು ಮೆಂಡನರ ವಾರ್ಡಿನ ನಾತ

ಗಂಧವಾಹಕ ಯಂತ್ರದ ಗುಂಡಿ ಒತ್ತಿದೊಡನೆ ವಾರ್ಡಿನ ತುಂಬ ನೀರುದೋಸೆಯ ಪರಿಮಳ ಹರಡಬೇಕಿತ್ತು. ಬಂದದ್ದು ಕೊಳೆತ ಮೀನಿನ ನಾತ. ಬಿಸಿಲಿಗೆ ಕರಗಿದ ಬೂತಾಯಿ ಮೀನಿನ ಎಣ್ಣೆ ಹಿಂಡಿ ಹುಡಿ ಮಾಡುವಾಗ ಏಳುವ, ಗಂಟಲಿಗೇ ಅಂಟಿಕೊಳ್ಳುವ ಹೊಲಸು. ನರ್ಸುಗಳು ಮೂಗು ಮುಚ್ಚಿಕೊಂಡು ಹೊರಗೋಡಿದರು. ರೋಗಿಗಳು ಕುಡಿದ ನೀರನ್ನೂ ಕಾರಿದರು.

ಮುಪ್ಪಿನಲ್ಲಿ ಹಸಿವೆ ಸತ್ತವರಿಗೆ ಇಷ್ಟದ ವಾಸನೆ ತೋರಿಸಿ ಉಣ್ಣಿಸುವುದು ಈ ಯಂತ್ರದ ಕೆಲಸ. ಅದರ ದತ್ತಕೋಶದಲ್ಲಿ ಲಕ್ಷಾಂತರ ವಾಸನೆಗಳ ಸೂತ್ರಗಳಿದ್ದವು. ಅಗ್ಗಕ್ಕೆ ಸಿಕ್ಕಿತೆಂದು ಆಸ್ಪತ್ರೆಯವರು ಮಾಲಿನ್ಯ ತಪಾಸಣೆಯವರು ಹಿಡಿದಿಟ್ಟ ದುರ್ನಾತಗಳೂ ಸೇರಿದ್ದ ಕೋಶವನ್ನು ಖರೀದಿಸಿದ್ದರು. ಇಂಥ ಬುದ್ಧಿವಂತಿಕೆಗೆ ಏನೆನ್ನಬೇಕೋ! ಥೂ!

ಯಂತ್ರದ ವಿಜ್ಞಾನಿ ಮುಕುಂದ ಉಡುಪರು ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಬಂದರು. ಅವರನ್ನು ಬಾಗಿಲಲ್ಲೇ ತಡೆದವಳು ರೋಗಿ ವಾಸು ಮೆಂಡನರ ಮಗಳು ಪ್ರಮೀಳಾ.

"ಎಂತ ಸರ್ ಇದು? ನಿನ್ನೆ ನೀವು ಮಾಡಿದ್ದು ರಿಪೇರಿಯಾ, ಹಾಳು ಮಾಡಿದ್ದಾ?"

"ವಾಸನೆಗಳೆಲ್ಲ ಸರಿ ಉಂಟಮ್ಮ. ಕೆಟ್ಟದ್ದು ಸೂಚಿ. ಯಾವ ವಿಷಯ ಯಾವ ಪುಟದಲ್ಲಿ ಅಂತ ಪುಸ್ತಕದ ಕೊನೆಯಲ್ಲಿ ಇರ್ತದಲ್ಲ, ಅಂಥದ್ದು. ನಿನ್ನೆ ಮಾಮೂಲು ನಿರ್ವಹಣೆಯಲ್ಲಿ ಅದನ್ನು ಹೊಸದಾಗಿ ಕಟ್ಟುವಾಗ ಕರೆಂಟು ಹೋಯ್ತು. ಈಗ ಎಂತ ಕೇಳಿದ್ರೂ ಒಂದೇ ಪುಟ ತೆಗೀತದೆ."

"ಸೂಚಿಯೇ ಕೆಟ್ಟದ್ದು ಅಂತ ಹೇಗೆ ಗೊತ್ತು?"

"ಇಲ್ಲಿಗೆ ಬರುವ ಮೊದ್ಲು ಸೂಚಿ ಬಿಟ್ಟು ಪುಟ ಪುಟ ಹುಡುಕಿಸಿದೆ. ತಡವಾಯ್ತು, ಆದ್ರೆ ನೀರುದೋಸೆ ಸಿಕ್ಕಿತು."

ಅಷ್ಟರಲ್ಲಿ ಒಳಗಿನಿಂದ, "ಗಂಜಿ ಉಂಟಾ?" ಎಂಬ ಸ್ವರ ಕೇಳಿಸಿತು. ವಾಸು ಮೆಂಡನರು ಮಂಚದ ಮೇಲೆ ಎದ್ದು ಕುಳಿತಿದ್ದರು! ವಾರದಿಂದ ತುತ್ತು ಮುಟ್ಟದವರು, ನಾಳೆ ಮೂಗಿಗೆ ನಳಿಕೆ ಇಳಿಸಬೇಕೆಂದು ಡಾಕ್ಟರಿಂದ ಹೇಳಿಸಿಕೊಂಡವರು, ಬಟ್ಟಲು ಗಂಜಿ ಖಾಲಿ ಮಾಡಿದರು.

ಪ್ರಮೀಳಾಳ ಮುಖ ಕಪ್ಪಿಟ್ಟಿತು. ಅಪ್ಪ ಜೀವಮಾನವೆಲ್ಲ ದುಡಿದದ್ದು ಮೀನಿನ ಹುಡಿ ಮಾಡುವ ಕಾರ್ಖಾನೆಯಲ್ಲಿ. ಅದನ್ನು ಹೇಳಲು ಅಸಹ್ಯಪಟ್ಟು ಅವಳು ಅಪ್ಪನ ಇಷ್ಟದ ವಾಸನೆಗಳ ಪಟ್ಟಿಯಲ್ಲಿ ನೀರುದೋಸೆ, ಮಲ್ಲಿಗೆ ಎಂದೆಲ್ಲ ಬರೆಸಿದ್ದಳು.

ಸಂಜೆಯೊಳಗೆ ಉಡುಪರು ಕೆಟ್ಟ ಸೂಚಿಯನ್ನು ಕಿತ್ತುಹಾಕಿ ಹೊಸದು ಕಟ್ಟಿದರು. ನೀರುದೋಸೆ ಘಮಘಮಿಸಿತು. ವಾರ್ಡಿನವರೆಲ್ಲ ಉಂಡರು. ಮೆಂಡನರು ಮಾತ್ರ ಗೋಡೆಯ ಕಡೆ ಮುಖ ತಿರುಗಿಸಿ ಮಲಗಿಬಿಟ್ಟರು.

ಪ್ರಮೀಳಾ ಉಡುಪರ ಬಳಿ ಬಂದಳು. "ಸರ್, ಅಪ್ಪನನ್ನು ಬೇರೆ ಕೋಣೆಗೆ ಹಾಕಿಸ್ತೇನೆ. ಅಲ್ಲಿಗೆ ಆ ನಾತವನ್ನೇ ಬಿಡಿ."

"ಹತ್ತಿರ ಕೂತು ಉಣ್ಣಿಸ್ಲಿಕ್ಕೆ ನಿಮ್ಮಿಂದ ಆಗ್ತದಾ?"

"ಆಗುದಿಲ್ಲ. ಆದ್ರೂ ಬಿಡಿ."

ಬೇರೆ ಕೋಣೆಯಲ್ಲಿ ನಾತ ಎದ್ದಿತು. ಅವಳು ಬಚ್ಚಲಿಗೆ ಓಡಿ ಕಾರಿಕೊಂಡು, ಬಾಯಿ ತೊಳೆದು ಬಂದು ಅಪ್ಪನ ಪಕ್ಕದಲ್ಲಿ ಕುಳಿತಳು. ಚಮಚ ಎತ್ತಿದಳು.

ಮೆಂಡನರು ಗಾಬರಿಯಿಂದ ಮಂಚದ ಆಚೆಯ ಅಂಚಿಗೆ ಸರಿದರು.

"ಹತ್ತಿರ ಬರ್ಬೇಡ ಮಗಾ, ಕಾರ್ಖಾನೆಯಿಂದ ಈಗ ಬಂದದ್ದಷ್ಟೇ, ನಾನಿನ್ನೂ ಮೀಯಲಿಲ್ಲ. ಬಟ್ಟಲು ಯಾವಾಗಿನ ಹಾಗೆ ಹೊರಗೆ ಇಡು, ಅಲ್ಲೇ ಉಣ್ತೇನೆ."