ಸಹೋದರರ ಮನೆಯ ಬೆಂಕಿ

ಬುಧವಾರ ಬೆಳಿಗ್ಗೆ ಎಂಟರ ಸುಮಾರಿಗೆ ಪಾಸ್ಟರ್ ಠಾಣೆಗೆ ಬಂದಾಗ ಅವರ ಬಿಳಿ ಅಂಗಿಯ ತುಂಬ ಮಸಿಯಾಗಿತ್ತು. ಕೊಟ್ಟ ನೀರನ್ನು ಕುಡಿಯದೆ, ಲೋಟ ಹಿಡಿದುಕೊಂಡೇ ದೂರು ಹೇಳಿದರು. ಕುಡಿತ ಬಿಡಬೇಕೆಂದು ಬರುವ ಗಂಡಸರಿಗಾಗಿ ಅವರು ನಡೆಸುವ ಪುನರ್ವಸತಿ ಮನೆಯಲ್ಲಿ ಮರಗೆಲಸದ ಶೆಡ್ಡಿಗೆ ಬೆಂಕಿ ಬಿದ್ದಿತ್ತು. ಆ ಹೊತ್ತಿಗೆ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಬೆಳಗಿನ ಪ್ರಾರ್ಥನೆಯಲ್ಲಿದ್ದರು. ಶೆಡ್ಡಿನೊಳಗೆ ಸಿಕ್ಕಿಕೊಂಡಿದ್ದ ಆ ಒಬ್ಬನನ್ನು ಇನ್ನೊಬ್ಬ ನುಗ್ಗಿ ಹೊರಗೆಳೆದಿದ್ದ. ಇಬ್ಬರೂ ಆಸ್ಪತ್ರೆಯಲ್ಲಿದ್ದರು.

"ಆಕಸ್ಮಿಕ ಇರಬಹುದಲ್ವಾ?" ಇನ್‌ಸ್ಪೆಕ್ಟರ್ ಕೇಳಿದರು.

"ಶೆಡ್ಡಲ್ಲಿ ಒಲೆ ಇಲ್ಲ. ಸಂಜೆ ಬಾಗಿಲು ಹಾಕೋವಾಗ ಮೇನ್ ಸ್ವಿಚ್ಚು ಆರಿಸ್ತೀವಿ. ಬೆಂಕಿ ತಾನಾಗೇ ನಡ್ಕೊಂಡು ಬರಲ್ಲ ಸಾರ್."

"ಯಾರ ಮೇಲಾದ್ರೂ ಅನುಮಾನ?"

"ಅನುಮಾನ ಪಡೋದು ನನ್ನ ಕೆಲಸ ಅಲ್ಲ."

"ಅದು ನನ್ನ ಕೆಲಸ. ನೀವು ಹೇಳಿ ಸಾಕು."

ಪಾಸ್ಟರ್ ಲೋಟ ಕೆಳಗಿಟ್ಟರು. ಹೋದ ತಿಂಗಳು ಒಬ್ಬನನ್ನು ಹೊರಗೆ ಕಳಿಸಿದ್ದರಂತೆ. ಎಲ್ಲರೂ ಅವನನ್ನು ಪೈಲ್ವಾನ ಎನ್ನುತ್ತಿದ್ದರು. ಕುಡಿದು ಬಂದು ಅಡುಗೆಯವನ ಮೇಲೆ ಕೈ ಮಾಡಿದ್ದ. ಹೋಗುವಾಗ ಗೇಟಿನ ಹತ್ತಿರ ನಿಂತು, ಈ ಮನೆಗೆ ಬೆಂಕಿ ಬೀಳಲಿ ಎಂದು ಕೂಗಿದ್ದ.

ಇನ್‌ಸ್ಪೆಕ್ಟರ್ ದೂರು ಬರೆಸಿಕೊಂಡು ಎಫ್‌ಐಆರ್ ದಾಖಲಿಸಿದರು. ಹೆಡ್ ಕಾನ್‌ಸ್ಟೆಬಲ್ ಮತ್ತು ಮಹಿಳಾ ಕಾನ್‌ಸ್ಟೆಬಲ್ ಇಬ್ಬರನ್ನೂ ಕರೆದುಕೊಂಡು ಜೀಪು ಹತ್ತಿದರು.

"ಊರವರು ಅದನ್ನ ಕುಡುಕರ ಮನೆ ಅಂತಾರೆ ಸಾರ್," ಹೆಡ್ ಕಾನ್‌ಸ್ಟೆಬಲ್ ಸ್ಟೇರಿಂಗ್ ತಿರುಗಿಸುತ್ತ ಹೇಳಿದ. "ನಿಜ ಹೇಳ್ಬೇಕಂದ್ರೆ ಈ ಬೀದೀಲಿ ಕುಡೀದೆ ಇರೋರು ಇರೋದು ಆ ಮನೇಲಿ ಮಾತ್ರ."

ಗೇಟಿನ ಮೇಲಿನ ಹಲಗೆಯಲ್ಲಿ 'ಸಹೋದರರ ಮನೆ' ಎಂದಿತ್ತು. ಅಂಗಳದ ಒಂದು ಬದಿಗೆ ಮಲಗುವ ಕೋಣೆಗಳ ಸಾಲು, ಎದುರಿಗೆ ಪುಟ್ಟ ಪ್ರಾರ್ಥನಾಲಯ, ಹಿಂದುಗಡೆ ಶೆಡ್. ಶೆಡ್ಡಿನ ತಗಡಿನ ಮಾಡು ಬಾಗಿ ಒಳಕ್ಕೆ ಕುಸಿದಿತ್ತು. ಒಂದಿಪ್ಪತ್ತು ಗಂಡಸರು ಬಕೆಟ್ಟುಗಳನ್ನು ಪಕ್ಕಕ್ಕಿಟ್ಟು ಗೋಡೆಗೊರಗಿ ಕೂತಿದ್ದರು. ಪೊಲೀಸರನ್ನು ಕಂಡದ್ದೇ ಅರ್ಧ ಜನ ಎದ್ದು ನಿಂತರು. ಹಳೆಯ ಅಭ್ಯಾಸ.

ಪಕ್ಕದ ಅಂಗಡಿಯ ಇಬ್ಬರನ್ನು ಪಂಚರಾಗಿ ಕರೆಸಿ ಪಂಚನಾಮೆ ಶುರು ಮಾಡಿದರು. ಬಾಗಿಲ ಬೀಗ ಒಡೆದಿರಲಿಲ್ಲ, ಕೀಲಿಯಿಂದಲೇ ತೆರೆದಿತ್ತು. ಹಿಂದಿನ ಕಿಟಕಿಯ ಒಂದು ಸರಳು ಸಡಿಲವಾಗಿತ್ತು. ವಾರ್ನಿಷ್ ಡಬ್ಬದ ಮುಚ್ಚಳ ತೆಗೆದು ಪಕ್ಕದಲ್ಲಿ ಬೋರಲು ಹಾಕಿತ್ತು. ಇನ್‌ಸ್ಪೆಕ್ಟರ್ ಕೋಲು ಹಿಡಿದು ಬೂದಿಯನ್ನು ಕೆದಕಿದರು. ಕೀಲುಗಳು ಸಿಕ್ಕವು, ಮೊಳೆಗಳು ಸಿಕ್ಕವು, ಮರ ಅಲುಗದಂತೆ ಹಿಡಿಯಲು ಮೇಜಿಗೆ ಬಿಗಿದಿದ್ದ ಕಬ್ಬಿಣದ ವೈಸ್ ಸಿಕ್ಕಿತು. ಅವರು ಮತ್ತೆ ಮೊದಲಿಂದ ಕೆದಕಿದರು.

"ಗರಗಸ ಎಲ್ಲಿ?" ಎಂದರು.

ಪಾಸ್ಟರ್ ಬೂದಿಯತ್ತ ಕೈ ತೋರಿಸಿದರು. "ಎಲ್ಲಾ ಸುಟ್ಟೋಯ್ತಲ್ಲ ಸಾರ್."

"ಹಿಡಿ ಸುಡುತ್ತೆ. ಅಲಗು ಸುಡಲ್ಲ. ಉಳಿ, ಬಾಚಿ, ಉಜ್ಜುಗೊರಡಿನ ಅಲಗು, ಒಂದೂ ಇಲ್ಲ. ಇಲ್ಲಿ ಇದ್ದವಾ?"

"ಗೋಡೆ ತುಂಬ ಇದ್ದವು. ಮೇಸ್ತ್ರಿ ದಿನಾ ಒರೆಸಿ ನೇತು ಹಾಕ್ತಿದ್ದ."

ಮೇಸ್ತ್ರಿ ಎಂದರೆ ಶೆಡ್ಡಿನ ಉಸ್ತುವಾರಿ. ನಾಲ್ಕು ವರ್ಷದ ಹಿಂದೆ ನಡುಗುವ ಕೈಯಲ್ಲಿ ಬಂದವನು, ನಡುಕ ನಿಂತ ಮೇಲೆ ತನ್ನ ಹಳೆಯ ಮರಗೆಲಸವನ್ನು ಉಳಿದವರಿಗೂ ಕಲಿಸತೊಡಗಿದ್ದ. ಬೆಂಕಿಗೆ ನುಗ್ಗಿದವನೂ ಅವನೇ.

"ಕೀಲಿ ಯಾರ ಹತ್ರ?"

"ಒಂದು ನನ್ನ ಹತ್ರ, ಒಂದು ಅವನ ಹತ್ರ."

ಹೆಡ್ ಕಾನ್‌ಸ್ಟೆಬಲ್ ಲೆಕ್ಕ ಹಾಕಿಯಾಗಿತ್ತು. ಸಾಮಾನು ಕದ್ದು, ಗುರುತು ಸಿಗದಿರಲೆಂದು ಬೆಂಕಿ ಹಚ್ಚಿದ್ದಾರೆ, ಪೈಲ್ವಾನನದೇ ಕೆಲಸ ಎಂದ. ಇನ್‌ಸ್ಪೆಕ್ಟರ್ ಅವನನ್ನು ಹುಡುಕಲು ಜೀಪು ಹತ್ತಿದರು.

ಪೈಲ್ವಾನ ತರಕಾರಿ ಮಂಡಿಯಲ್ಲಿ ಸಿಕ್ಕ. ಲಾರಿಯಿಂದ ಈರುಳ್ಳಿ ಮೂಟೆ ಇಳಿಸುತ್ತಿದ್ದ. ಬೆಳಕು ಹರಿಯುವ ಮೊದಲಿನಿಂದ ಅವನು ಅಲ್ಲೇ ಇದ್ದನೆಂದು ಮಂಡಿಯ ಮೇಲ್ವಿಚಾರಕ ಹೇಳಿದ, ಲಾರಿ ಡ್ರೈವರ್ ಹೇಳಿದ, ಚಹಾ ಅಂಗಡಿಯವಳು ಕೇಳದಿದ್ದರೂ ಹೇಳಿದಳು.

"ಬೆಂಕಿ ಬೀಳಲಿ ಅಂತ ಶಾಪ ಹಾಕಿದ್ಯಂತೆ."

"ಹಾಕಿದ್ದು ಬಾಯಿ ಸಾರ್, ಕೈ ಅಲ್ಲ. ಯಾಕೆ, ಏನಾಯ್ತು?"

ಹೇಳಿದರು. ಪೈಲ್ವಾನ ಹೆಗಲ ಮೇಲಿನ ಮೂಟೆಯನ್ನು ಹಾಗೇ ಕೆಳಕ್ಕೆ ಬಿಟ್ಟ. "ಮೇಸ್ತ್ರಿಗೆ ಏನೂ ಆಗಿಲ್ಲ ತಾನೆ?"

"ಕೈ ಸುಟ್ಟಿದೆ."

"ಎರಡೂನಾ?"

"ಎರಡೂ."

ಅವನು ಮೂಟೆಯ ಮೇಲೆಯೇ ಕೂತುಬಿಟ್ಟ. ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಮುಖ ಒರೆಸಿಕೊಂಡ. ಇನ್‌ಸ್ಪೆಕ್ಟರ್ ಕೇಳಿದರು: "ಈಗಲೂ ಕುಡೀತೀಯಾ?"

"ಶನಿವಾರ ಮಾತ್ರ. ಮೊದಲು ವಾರಕ್ಕೆ ಎಂಟು ದಿನ ಕುಡೀತಿದ್ದೆ. ಮೊನ್ನೆ ಒಬ್ಬ ಮೇಡಂ ಬಂದಿದ್ರು, ಅವರಿಗೂ ಇದನ್ನೇ ಹೇಳಿದೆ. ಆ ಮನೆ ಒಳ್ಳೇದೇ ಸಾರ್. ಒಳಗಿರೋವಾಗ ಎಲ್ಲರೂ ಸಾಧುಗಳೇ. ಗೇಟು ದಾಟಿದ ಮೇಲೆ ತಾನೆ ಪರೀಕ್ಷೆ? ಅದನ್ನ ಬರೆಯೋದು ಹೇಗೆ ಅಂತ ಮಾತ್ರ ಯಾರೂ ಕಲಿಸಲಿಲ್ಲ."

"ಯಾವ ಮೇಡಂ?"

ಮಧ್ಯಾಹ್ನ ಆ ಮೇಡಂ ತಾವಾಗಿಯೇ ಠಾಣೆಗೆ ಬಂದರು. ಸಹೋದರರ ಮನೆಗೆ ನೆರವು ಕೊಡುತ್ತಿದ್ದ ಕ್ರೈಸ್ತ ಸಭೆಯವರು ಅವರನ್ನು ಮೌಲ್ಯಮಾಪನಕ್ಕೆ ಕಳಿಸಿದ್ದರು. ಅಲ್ಲಿ ಇದ್ದು ಹೋದ ಗಂಡಸರ ಬಾಳು ನಿಜಕ್ಕೂ ನೆಟ್ಟಗಾಗಿದೆಯೇ ಎಂದು ತಿಳಿದು ವರದಿ ಕೊಡಬೇಕಿತ್ತು. ಒಂದು ವಾರದಿಂದ ಅವರು ಮನೆ ಮನೆ ತಿರುಗಿದ್ದರು.

"ಏನು ಕಂಡಿರಿ?" ಇನ್‌ಸ್ಪೆಕ್ಟರ್ ಕೇಳಿದರು.

"ಕೆಲವರು ಗಟ್ಟಿಯಾಗಿ ನಿಂತಿದ್ದಾರೆ. ಕೆಲವರು ಮತ್ತೆ ಬಿದ್ದಿದ್ದಾರೆ. ಒಬ್ಬರ ಹೆಂಡತಿ ಬಾಗಿಲೇ ತೆಗೀಲಿಲ್ಲ, ಒಳಗಿಂದಲೇ, ಆ ಮನೆ ಹೆಸರು ಹೇಳ್ಕೊಂಡು ಬಂದಿದ್ದಕ್ಕೆ ದೇವರು ಒಳ್ಳೇದು ಮಾಡ್ಲಿ, ಈಗ ಹೋಗಿ ಅಂದ್ರು. ಅದು ಹೊಗಳಿಕೆಯೋ ಬೈಗುಳವೋ ನಂಗಿನ್ನೂ ಗೊತ್ತಾಗಿಲ್ಲ." ಆಕೆ ಕೈ ಹಿಸುಕಿಕೊಂಡರು. "ಸಾರ್, ನಾನು ಬಂದದ್ದು ಬೇರೆ ವಿಷಯಕ್ಕೆ. ನನ್ನಿಂದ ಏನಾದ್ರೂ ಹೀಗಾಯ್ತಾ ಅಂತ."

"ಹೇಗೆ?"

"ಸೋಮವಾರ ಎಲ್ಲರ ಮುಂದೆ ಮೇಸ್ತ್ರಿಯನ್ನ ಒಂದು ಮಾತು ಕೇಳಿದೆ. ಇಲ್ಲಿ ಎಲ್ಲರೂ ನಿಮ್ಮನ್ನೇ ತೋರಿಸ್ತಾರೆ, ನಾಲ್ಕು ವರ್ಷದಿಂದ ಒಂದು ತೊಟ್ಟೂ ಮುಟ್ಟಿಲ್ಲ ನೀವು, ಹಾಗಾದ್ರೆ ಇನ್ನೂ ಯಾಕೆ ಇಲ್ಲಿದ್ದೀರಿ, ಅಂತ. ಅವರು ಎದ್ದು ಶೆಡ್ಡಿಗೆ ಹೋಗಿಬಿಟ್ರು. ಪಾಸ್ಟರ್ ಅವರಿಗೆ ಮುಜುಗರ ಆಯ್ತು. ಅವತ್ತೇ ಮೇಸ್ತ್ರಿ ಹೆಂಡತಿಗೆ ಫೋನ್ ಮಾಡಿ, ಈ ಭಾನುವಾರ ಬಂದು ಕರ್ಕೊಂಡು ಹೋಗಿ ಅಂದ್ರು."

"ಹೆಂಡತಿ ಏನಂದ್ರು?"

"ಬರ್ತೀನಿ ಅಂದ್ರಂತೆ."

ಇನ್‌ಸ್ಪೆಕ್ಟರ್ ಮತ್ತೆ ಸಹೋದರರ ಮನೆಗೆ ಹೋದರು. ಈ ಸಲ ಇಡೀ ಆವರಣವನ್ನು ಶೋಧಿಸಲು ಹೇಳಿದರು. ಅಡುಗೆಯವನ ಹೇಳಿಕೆ ತಾವೇ ಪಡೆದರು.

"ಪ್ರಾರ್ಥನೇಲಿ ಮೇಸ್ತ್ರಿ ಎಲ್ಲಿ ಕೂರ್ತಾನೆ?"

"ಮುಂದೆ. ಹಾಡು ಶುರು ಮಾಡೋದೇ ಅವನು."

"ಇವತ್ತು?"

ಅಡುಗೆಯವನು ಯೋಚಿಸಿದ. "ಇವತ್ತು ಹಾಡು ನಾನು ಶುರು ಮಾಡ್ದೆ. ಶ್ರುತಿ ಕೆಟ್ಟು ಎಲ್ಲರೂ ನಕ್ಕರು. ಅವನು ತಡವಾಗಿ ಬಂದು ಬಾಗಿಲ ಹತ್ರ ಕೂತ. ಸ್ವಲ್ಪ ಹೊತ್ತಿಗೆ ಶೆಡ್ಡಿಂದ ಕೂಗು ಕೇಳಿಸ್ತು. ನಾವು ಕಣ್ಣು ಬಿಡೋದ್ರೊಳಗೆ ಅವನು ಓಡಿದ್ದ."

ಅಷ್ಟರಲ್ಲಿ ಪ್ರಾರ್ಥನಾಲಯದಿಂದ ಮಹಿಳಾ ಕಾನ್‌ಸ್ಟೆಬಲ್ ಕರೆದಳು. ವೇದಿಕೆಯ ಕೆಳಗೆ, ಮಡಚಿಟ್ಟ ಚಾಪೆಗಳ ಹಿಂದೆ, ಹಳೆಯ ಹೊದಿಕೆಯ ಗಂಟು ಇತ್ತು. ಪಂಚರ ಎದುರಿಗೆ ಬಿಚ್ಚಿದರು. ಗರಗಸಗಳ ಹಲ್ಲಿಗೆ ಬಟ್ಟೆ ಪಟ್ಟಿ ಸುತ್ತಿತ್ತು. ಒಂದೊಂದು ಉಳಿಯ ಬಾಯಿಯನ್ನೂ ಕಾಗದದಲ್ಲಿ ಮಡಚಿ ದಾರ ಕಟ್ಟಿತ್ತು. ಎಲ್ಲಕ್ಕೂ ತೆಳ್ಳಗೆ ಎಣ್ಣೆ ಸವರಿತ್ತು.

ಹೆಡ್ ಕಾನ್‌ಸ್ಟೆಬಲ್ ಬಗ್ಗಿ ನೋಡಿದ. "ಕಳ್ಳ ಆಗಿದ್ರೆ ಗೋಣಿಚೀಲಕ್ಕೆ ತುಂಬ್ಕೊಂಡು ಹೋಗ್ತಿದ್ದ ಸಾರ್. ಇದು ಯಾರೋ ಬಾಣಂತಿ ಮಗೂನ ಸುತ್ತಿದ ಹಾಗಿದೆ."

ಪಾಸ್ಟರ್ ಬಾಗಿಲಲ್ಲೇ ನಿಂತಿದ್ದರು. ಅದು ಯಾರ ಕೈಕೆಲಸವೆಂದು ಅವರಿಗೆ ಯಾರೂ ವಿವರಿಸಬೇಕಾಗಲಿಲ್ಲ. ಬೆಂಚಿನ ತುದಿ ಹಿಡಿದು ಮೆಲ್ಲಗೆ ಕೂತರು.

ಆಸ್ಪತ್ರೆಯಲ್ಲಿ ಮೊದಲು, ಬೆಂಕಿಯಿಂದ ಹೊರಗೆಳೆದಿದ್ದ ಹೊಸಬನನ್ನು ನೋಡಿದರು. ಅವನು ಸಹೋದರರ ಮನೆಗೆ ಬಂದು ಹತ್ತು ದಿನವೂ ಆಗಿರಲಿಲ್ಲ. ಹೊಗೆ ಕುಡಿದು ಗಂಟಲು ಕಟ್ಟಿತ್ತು, ಜೀವಕ್ಕೇನೂ ಭಯವಿರಲಿಲ್ಲ.

"ಶೆಡ್ಡಿನೊಳಗೆ ಏನು ಮಾಡ್ತಿದ್ದೆ?"

"ಹಲಗೆ ಹಿಂದೆ ಒಂದು ಬಾಟಲಿ ಬಚ್ಚಿಟ್ಟಿದ್ದೆ. ಬೆಳಗಿನ ಜಾವ ಕಿಟಕಿ ಸರಳು ಸರಿಸಿ ಒಳಗೋದೆ. ಅಲ್ಲೇ ನಿದ್ದೆ ಬಂತು. ಎಚ್ಚರ ಆದಾಗ ಸುತ್ತ ಬೆಂಕಿ." ಅವನು ಕೆಮ್ಮಿದ. "ಮೇಸ್ತ್ರಿ ಉರೀತಿದ್ದ ಹಲಗೇನ ಬರಿಗೈಲಿ ಎತ್ತಿ ಹಾಕಿದ್ರು ಸಾರ್. ಆ ಬಾಟಲಿ ವಿಷಯ ಪಾಸ್ಟರ್ ಅಯ್ಯನೋರಿಗೆ ಹೇಳ್ಬೇಡಿ."

ಮೇಸ್ತ್ರಿ ಕೊನೆಯ ಮಂಚದಲ್ಲಿದ್ದ. ಐವತ್ತರ ಆಸುಪಾಸಿನ ಗಿಡ್ಡ ಆಳು. ಮೊಣಕೈವರೆಗೆ ಎರಡೂ ಕೈಗೆ ಬ್ಯಾಂಡೇಜು. ಹತ್ತಿರದ ಸ್ಟೂಲಿನ ಮೇಲೆ ಅವನ ಹೆಂಡತಿ ಕೂತಿದ್ದಳು. ಸಿದ್ಧ ಉಡುಪಿನ ಅಂಗಡಿಯಲ್ಲಿ ಹೊಲಿಗೆ ಕೆಲಸ ಅವಳದು. ಸುದ್ದಿ ಕೇಳಿ ಕೆಲಸದಿಂದ ನೇರ ಬಂದಿದ್ದಳು, ಸೆರಗಿಗೆ ಇನ್ನೂ ಗುಂಡುಸೂಜಿ ಚುಚ್ಚಿಕೊಂಡಿತ್ತು. ಇನ್‌ಸ್ಪೆಕ್ಟರ್ ಅವಳನ್ನು ಹೊರಗೆ ಹೋಗಲು ಹೇಳಲಿಲ್ಲ.

"ಸಾಮಾನು ಸಿಕ್ತು," ಎಂದರು.

ಮೇಸ್ತ್ರಿ ಕಣ್ಣು ಮುಚ್ಚಿಕೊಂಡ. "ತೇವ ಆಗಿಲ್ಲ ತಾನೆ?"

"ಇಲ್ಲ. ಯಾಕೆ ಹಚ್ಚಿದ್ರಿ?"

ಹೆಂಡತಿ ಇನ್‌ಸ್ಪೆಕ್ಟರ್ ಕಡೆ ನೋಡಿದಳು, ಆಮೇಲೆ ಗಂಡನ ಕಡೆ.

"ಶೆಡ್ ಹೋದ್ರೆ ಮತ್ತೆ ಕಟ್ಟಬೇಕಲ್ಲ ಸಾರ್. ಕಟ್ಟೋಕೆ ನಾನು ಬೇಕು. ಒಂದು ವರ್ಷನಾದ್ರೂ ಹಿಡೀತಿತ್ತು. ಅಲ್ಲಿವರೆಗೆ ಯಾರೂ ಹೋಗು ಅನ್ನಲ್ಲ ಅಂತ." ಅವನ ದನಿ ತೀರ ತಗ್ಗಿತ್ತು. "ಒಳಗೆ ಆ ಹುಡುಗ ಇದ್ದದ್ದು ದೇವರಾಣೆಗೂ ಗೊತ್ತಿರಲಿಲ್ಲ. ಹಚ್ಚಿ ಬಂದು ಪ್ರಾರ್ಥನೆಗೆ ಕೂತೆ. ಕೂಗು ಕೇಳಿಸ್ತು."

"ಮನೆಗೆ ಹೋಗೋಕೆ ಏನು ತೊಂದರೆ? ಕರ್ಕೊಂಡು ಹೋಗೋಕೆ ಇವರು ಬರ್ತಿದ್ರಲ್ಲ."

"ಹೋದ ವರ್ಷ ಒಂದು ದಿನ ಹೋಗಿದ್ದೆ. ನಾನು ಹೊಸ್ತಿಲು ದಾಟ್ತಿದ್ದ ಹಾಗೇ ಮಗಳು ಗೂಡಲ್ಲಿದ್ದ ಕೆಮ್ಮಿನ ಔಷಧಿ ಬಾಟಲಿ ತೆಗೆದು ಬೆನ್ನ ಹಿಂದೆ ಬಚ್ಚಿಟ್ಲು. ತಪ್ಪು ಅವಳದಲ್ಲ. ಒಂದು ಕಾಲಕ್ಕೆ ಅದನ್ನೂ ಬಿಡದೆ ಕುಡಿದವನು ನಾನು." ಅವನು ಹೆಂಡತಿಯ ಕಡೆ ತಿರುಗಲಿಲ್ಲ. "ಮನೆ ಬಿಟ್ಟು ಹೋದ ಮಗ ತಿರುಗಿ ಬಂದ, ಅಪ್ಪ ಓಡಿ ಬಂದು ತಬ್ಬಿಕೊಂಡ ಅಂತ ಅಯ್ಯನೋರು ಬೈಬಲ್ ಕಥೆ ಹೇಳ್ತಿರ್ತಾರೆ. ಕೇಳೋಕೆ ಚಂದ. ಮಾರನೇ ದಿನ ಬೆಳಿಗ್ಗೆ ಎದ್ದು ಅವನು ಏನು ಮಾಡಿದ ಅಂತ ಯಾರೂ ಹೇಳಲ್ಲ. ಆ ಗೇಟಿನೊಳಗೆ ನಾನು ಮನುಷ್ಯ ಸಾರ್. ಹೊರಗೆ ಹೋಗಿ ಒಂದು ಸಲ ಬಿದ್ರೆ, ಇಷ್ಟು ವರ್ಷ ನಿಂತದ್ದೂ ಸುಳ್ಳಾಗಿಬಿಡುತ್ತೆ."

"ನನಗೆ ಹೇಳಿದ್ದು ಕೋರ್ಟಲ್ಲಿ ನಿಲ್ಲಲ್ಲ," ಇನ್‌ಸ್ಪೆಕ್ಟರ್ ಹೇಳಿದರು. "ಹೇಳೋದಾದ್ರೆ ನ್ಯಾಯಾಧೀಶರ ಮುಂದೆ ಹೇಳಿ. ಅದಕ್ಕೂ ಮೊದಲು ವಕೀಲರನ್ನ ಕೇಳಿ. ಬೇಡ ಅನ್ನಿಸಿದ್ರೆ ಹೇಳ್ಬೇಡಿ."

"ಹೇಳ್ತೀನಿ ಸಾರ್."

ಹೆಂಡತಿ ಎದ್ದು ಕಾರಿಡಾರಿಗೆ ಹೋದಳು. ಇನ್‌ಸ್ಪೆಕ್ಟರ್ ಹೊರಗೆ ಬಂದಾಗ ಅವಳು ಕಿಟಕಿಗೆ ಮುಖ ಮಾಡಿ ನಿಂತಿದ್ದಳು. ಪಾಸ್ಟರ್ ಮತ್ತು ಮೇಡಂ ಕೂಡ ಬಂದಿದ್ದರು, ಅವಳ ಹತ್ತಿರ ಹೋಗಲು ಇಬ್ಬರಿಗೂ ಧೈರ್ಯ ಸಾಲದೆ ಬೆಂಚಿನ ಮೇಲೆ ಕೂತಿದ್ದರು.

"ಸೋಮವಾರ ಫೋನ್ ಬಂದಾಗಿಂದ ನನಗೆ ನಿದ್ದೆ ಇಲ್ಲ," ಅವಳು ತಿರುಗದೆಯೇ ಹೇಳಿದಳು. "ಬಂದ ಮೇಲೆ ಮತ್ತೆ ಶುರುವಾದ್ರೆ ಏನು ಗತಿ ಅಂತ. ಹೆದರಿಕೆ ನನಗೊಬ್ಬಳಿಗೇ ಅಂದ್ಕೊಂಡಿದ್ದೆ. ಅವರಿಗೂ ಅಷ್ಟೇ ಇತ್ತು ಅಂತ ಗೊತ್ತಿದ್ರೆ ನಾನೇ ಹೋಗಿ ಮಾತಾಡ್ತಿದ್ದೆ."

"ಆ ಮಾತು ನಾವು ಆಡಿಸಬೇಕಿತ್ತಮ್ಮ," ಪಾಸ್ಟರ್ ಎಂದರು. "ಕುಡಿಯೋದನ್ನ ಬಿಡಿಸೋದು ಹೇಗೆ ಅಂತ ಗೊತ್ತಿತ್ತು. ಅಷ್ಟು ಸಾಕು ಅಂದ್ಕೊಂಡೆ."

ಮೇಡಂ ಇನ್‌ಸ್ಪೆಕ್ಟರನ್ನು ಕೇಳಿದರು: "ನಾನೀಗ ಏನಂತ ವರದಿ ಬರೀಲಿ? ಅವರ ಅತಿ ದೊಡ್ಡ ಗೆಲುವು ಅಂತ ತೋರಿಸಿದವರೇ ಬೆಂಕಿ ಹಚ್ಚಿದ್ರು ಅಂತಲಾ?"

"ಹಚ್ಚಿದ್ದನ್ನೂ ಬರೀರಿ. ಒಳಗೆ ನುಗ್ಗಿದ್ದನ್ನೂ ಬರೀರಿ. ನಾನೂ ಎರಡನ್ನೂ ಬರೀತೀನಿ. ಸಹೋದರರ ಮನೆಯಿಂದ ಸ್ವಂತ ಮನೆಗೆ ಹೋಗೋ ದಾರಿ ಯಾರಾದ್ರೂ ಜೊತೆಗಿದ್ದು ತೋರಿಸ್ಬೇಕು ಅಂತ ಬರೆಯೋದು ನಿಮಗೆ ಬಿಟ್ಟದ್ದು."

ಶುಕ್ರವಾರ ವೈದ್ಯರು ಒಪ್ಪಿಗೆ ಕೊಟ್ಟ ಮೇಲೆ ವಾರ್ಡಿನಲ್ಲೇ ಮೇಸ್ತ್ರಿಯನ್ನು ಬಂಧಿಸಿದರು. ಕೋಳ ಹಾಕುವ ಪ್ರಶ್ನೆ ಬರಲಿಲ್ಲ, ಹಾಕಲು ಬ್ಯಾಂಡೇಜಿಲ್ಲದ ಕೈಯೂ ಇರಲಿಲ್ಲ. ಹೆಡ್ ಕಾನ್‌ಸ್ಟೆಬಲ್ ಬಂಧನದ ಮೆಮೊ ತುಂಬುತ್ತ ಕೇಳಿದ:

"ಖಾಯಂ ವಿಳಾಸ?"

"ಸಹೋದರರ ಮನೆ ಅಂತ ಬರ್ಕೊಳ್ಳಿ," ಮೇಸ್ತ್ರಿ ಹೇಳಿದ.

"ಬೇಡ." ಹೆಂಡತಿ ಮುಂದೆ ಬಂದಳು. "ಅದು ತಾತ್ಕಾಲಿಕ." ಮನೆಯ ಸಂಖ್ಯೆ, ಬೀದಿ, ಮೇಲ್ಮಹಡಿ ಎಂಬುದನ್ನೂ ಬಿಡದೆ ತಮ್ಮ ವಿಳಾಸ ಹೇಳಿದಳು. ಬರೆದದ್ದನ್ನು ಓದಿ ಹೇಳಲು ಕೇಳಿ, ಸರಿಯಿದೆ ಎಂದ ಮೇಲೆ ಬಂಧು ಎಂಬಲ್ಲಿ ಸಹಿ ಹಾಕಿದಳು. ಜಾಮೀನಿಗೆ ಯಾರು ಬೇಕು, ಎಲ್ಲಿಗೆ ಬರಬೇಕು ಎಂದು ವಿಚಾರಿಸಿದಳು. ಮೇಸ್ತ್ರಿ ಮಂಚದ ಅಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದ. ಮೂಗು ಒರೆಸಿಕೊಳ್ಳಲು ಅವನಿಗೆ ಆಗಲಿಲ್ಲ. ಅವಳೇ ಸೆರಗಿನಿಂದ ಒರೆಸಿದಳು.

ಇನ್‌ಸ್ಪೆಕ್ಟರ್ ಅಂದು ಸಂಜೆ ಕೇಸ್ ಡೈರಿ ಬರೆದರು. ಉದ್ದೇಶ ಎಂಬಲ್ಲಿ ದ್ವೇಷವೂ ಇಲ್ಲ, ಲಾಭವೂ ಇಲ್ಲ ಎಂದು ನಮೂದಿಸಿದರು. ಆಮೇಲೆ ಅದರ ಕೆಳಗೆ, 'ಆರೋಪಿಗೆ ತನ್ನ ಮನೆಗೆ ಹಿಂದಿರುಗುವ ಭಯವಿತ್ತು' ಎಂದು ಸೇರಿಸಿದರು.