ಬೆಳ್ಳಿ ಲೇಪದ ಸ್ಕ್ರೂ

ಮಂಗಳವಾರ ಬೆಳಿಗ್ಗೆ 9.40ಕ್ಕೆ ಠಾಣೆಗೆ ಬಂದ ದೂರು ಓದಿ ಹೆಡ್ ಕಾನ್‌ಸ್ಟೆಬಲ್‌ಗೆ ನಗು ಬಂತು.

"ಒಂದು ಸ್ಕ್ರೂಗೆ ಎಫ್‌ಐಆರ್ ಬೇಕಾ ಮೇಡಂ?"

ದೂರು ತಂದಿದ್ದ ಪ್ರಯೋಗಾಲಯದ ಮುಖ್ಯಸ್ಥೆ ನಗಲಿಲ್ಲ. ಅದು ಬಿದ್ದುಹೋದ ಹಲ್ಲಿನ ಬೇರಿನ ಬದಲು ದವಡೆಗೆ ಕೂರಿಸುವ ಟೈಟಾನಿಯಂ ಸ್ಕ್ರೂ. ಸೋಂಕು ಹತ್ತದಿರಲೆಂದು ಅದಕ್ಕೆ ಬೆಳ್ಳಿಯ ನ್ಯಾನೊ ಕಣಗಳ ಲೇಪ ಕೊಡುತ್ತಾರೆ. ಕಳುವಾದದ್ದಕ್ಕೆ ಪರೀಕ್ಷೆಗೆಂದೇ ದಪ್ಪ ಲೇಪ ಕೊಟ್ಟಿದ್ದರು.

"ಅತಿಯಾದ್ರೆ ಅಮೃತವೂ ವಿಷ. ಇದು ಕ್ರಿಮಿ ಜೊತೆ ಮೂಳೆನೂ ಕೊಲ್ಲುತ್ತೆ. ಯಾರ ಬಾಯಿಗಾದ್ರೂ ಹೋದ್ರೆ ದವಡೆ ಹಾಳು."

ಇನ್ಸ್‌ಪೆಕ್ಟರ್ ಟೋಪಿ ಎತ್ತಿಕೊಂಡರು.

ಪ್ರಯೋಗಾಲಯದಲ್ಲಿ ಪಂಚನಾಮೆ ನಡೆಯಿತು. ಕದ್ದವರು ಜಾಗ ಖಾಲಿ ಬಿಡದೆ, ಲೇಪವಿಲ್ಲದ ಬೇರೊಂದು ಸ್ಕ್ರೂ ಇಟ್ಟು ಹೋಗಿದ್ದರು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದರ ಸುತ್ತುಗಳ ಸಂದಿಯಲ್ಲಿ ಮೂಳೆಯ ಚೂರು. ಯಾರದೋ ಬಾಯಿಂದ ಕಿತ್ತದ್ದು.

"ಇಲ್ಲಿಯವರ ಮನೇಲಿ ಯಾರಾದ್ರೂ ಸ್ಕ್ರೂ ತೆಗೆಸಿದ್ರಾ?"

"ಪ್ಯಾಕಿಂಗ್‌ನವಳ ಅತ್ತೆ. ಅವಳಿವತ್ತು ರಜೆ. ಅವರನ್ನ ಹಿಂದಿನ ಬೀದಿ ಹಲ್ಲಿನ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿದ್ದಾಳೆ."

ಇನ್ಸ್‌ಪೆಕ್ಟರ್ ಕ್ಲಿನಿಕ್‌ಗೆ ಫೋನ್ ಮಾಡಿ ಸ್ಕ್ರೂ ಕೂರಿಸದಂತೆ ತಡೆದರು. ಜೀಪಿನಲ್ಲಿ ಹೆಡ್ ಕಾನ್‌ಸ್ಟೆಬಲ್, "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಸಾರ್. ಮುದುಕಿಗೆ ವಿಷ ಇಡೋಕೆ ಹೊಸ ದಾರಿ ಹುಡುಕಿದ್ದಾಳೆ," ಎಂದ.

ಸೊಸೆ ಕ್ಲಿನಿಕ್ಕಿನ ಬೆಂಚಿನ ಮೇಲೆ ಅತ್ತೆಯ ಕನ್ನಡಕ ಹಿಡಿದು ಕೂತಿದ್ದಳು.

"ನೀವೇ ತಗೊಂಡ್ರಾ?"

"ಹೌದು ಸಾರ್. ಡಾಕ್ಟ್ರಿಗೆ ಕಂಪನಿ ಸ್ಯಾಂಪಲ್ ಅಂದೆ."

"ಯಾಕಮ್ಮ?"

"ಮೊದಲು ಹಾಕಿಸಿದ್ದು ಕೀವಾಗಿ ಕಿತ್ತುಬಿಟ್ರು. ಅವತ್ತಿಂದ ಅತ್ತೆ ನಮ್ಮ ಜೊತೆ ಊಟಕ್ಕೆ ಕೂರಲ್ಲ. ಅಗಿಯೋದನ್ನ ಯಾರೂ ನೋಡಬಾರದು ಅಂತ ಗೋಡೆ ಕಡೆ ತಿರುಗಿ ತಿಂತಾರೆ. ನೋಡೋಕಾಗಲ್ಲ ಸಾರ್. ಲೇಪ ದಪ್ಪ ಇದ್ರೆ ಒಳ್ಳೇದು ಅಂದ್ಕೊಂಡೆ."

ಇನ್ಸ್‌ಪೆಕ್ಟರ್ ಮೆಲ್ಲಗೆ ನಿಜ ತಿಳಿಸಿದರು. ಅವಳ ಮುಖ ಬಿಳಿಚಿಕೊಂಡಿತು.

"ಹಾಕ್ಬಿಟ್ರಾ?"

"ಇಲ್ಲ."

ಆಗ ಅವಳು ಅತ್ತಳು. ಬಂಧಿಸುತ್ತಿದ್ದೇವೆ ಎಂದದ್ದು ಕಿವಿಗೆ ಬಿತ್ತೋ ಇಲ್ಲವೋ. ಹೆಡ್ ಕಾನ್‌ಸ್ಟೆಬಲ್‌ಗೆ ತಾನಾಡಿದ ಮಾತು ನೆನೆದು ನಾಚಿಕೆಯಾಯಿತು. 12.15ಕ್ಕೆ ಸ್ಕ್ರೂ ವಶಪಡಿಸಿಕೊಂಡು, ಆರೋಪಿಯನ್ನು ಠಾಣೆಗೆ ಕರೆತಂದರು.

ವರದಿಯಲ್ಲಿ ಕೃತ್ಯದ ಉದ್ದೇಶ ಎಂಬಲ್ಲಿ ಇನ್ಸ್‌ಪೆಕ್ಟರ್ ಬರೆದರು: 'ಅತ್ತೆ ಮನೆಯವರೊಂದಿಗೆ ಕೂತು ಉಣ್ಣಲೆಂದು.'

ಸಂಜೆ ಅತ್ತೆ ಊಟದ ಡಬ್ಬಿ ಹಿಡಿದು ಬಂದರು. "ಬೆಳಿಗ್ಗೆಯಿಂದ ಅವಳೇನೂ ತಿಂದಿಲ್ಲ," ಎಂದರು.

ಸೊಸೆ ತುತ್ತು ಎತ್ತಲಿಲ್ಲ. "ನೀವು ತಿಂದ್ರಾ ಅತ್ತೆ?"

ಮುದುಕಿ ಸುತ್ತ ನಿಂತ ಪೊಲೀಸರನ್ನೆಲ್ಲ ಒಮ್ಮೆ ನೋಡಿದರು. ಆಮೇಲೆ ಕುರ್ಚಿ ಎಳೆದುಕೊಂಡು ಸೊಸೆಯ ಎದುರಿಗೇ ಕೂತು, ಅದೇ ಡಬ್ಬಿಯಿಂದ ಒಂದು ತುತ್ತು ಬಾಯಿಗಿಟ್ಟು ನಿಧಾನವಾಗಿ ಅಗಿಯತೊಡಗಿದರು.