ತಿಳಿನೀರಿನ ಆಳ

"ಕೈ ಬಿಡು! ನನ್ನ ಮುಟ್ಟಬ್ಯಾಡ ನೀ!"

ಶಿವದೇವಿಯ ಕೂಗು ಸುಣ್ಣಕಲ್ಲಿನ ಗುಹೆಯ ತುಂಬ ಮೊಳಗಿತು. ಆದರೂ ಭೀಮಾಶಂಕರ ಅವಳ ಮಣಿಕಟ್ಟು ಬಿಡಲಿಲ್ಲ.

ಹೋದ ವರ್ಷ ಇವರಿಬ್ಬರ ಮದುವೆ ನಿಶ್ಚಯವಾಗಿತ್ತು. ಅಷ್ಟರಲ್ಲಿ ಅವಳ ಅಣ್ಣ ಭರತ ಇವನ ಜೊತೆ ಈ ಗುಹೆ ನೋಡಲು ಬಂದು, ಒಳಗಿನ ಕೆರೆಯಲ್ಲಿ ಮುಳುಗಿ ಸತ್ತ. ಹೆಣದ ಜೊತೆ ಹೈದರಾಬಾದಿನ ಮೆಹದಿಪಟ್ಟಣಂನಲ್ಲಿದ್ದ ಅವಳ ಮನೆಯವರ ಖೋಲಿಗೆ ಬಂದ ಭೀಮಾಶಂಕರನ ಮೈಮೇಲೆ ಒಣ ಅಂಗಿ ಇತ್ತು!

ಗೆಳೆಯ ಸಾಯುವಾಗ ದಡದಲ್ಲಿ ನಿಂತು ನೋಡಿದ ಹೇಡಿ ಎಂದು ಭರತನ ಅವ್ವ ಶಂಕ್ರಮ್ಮ ಮಣ್ಣು ತೂರಿ ಶಪಿಸಿದಳು. ಶಿವದೇವಿಯೂ ಮುಖ ತಿರುಗಿಸಿದಳು. ಅವನು ತಲೆ ತಗ್ಗಿಸಿ ಹೊರಟುಹೋದ.

ಅಣ್ಣ ಸತ್ತು ಇಂದಿಗೆ ಒಂದು ವರ್ಷ. ಅವನು ಹೋದ ನೀರಿಗೇ ಹೂ ಬಿಡಲು ಬಂದರೆ, ಇಲ್ಲೂ ಇವನೇ ಅಡ್ಡ!

"ಒಂದು ಹೆಜ್ಜಿ ಇಳ್ದು ಹೂ ಬಿಡ್ತೀನಿ. ತಳ ಕಾಣಾಕತ್ತೈತಿ ನೋಡು, ಮೊಳಕಾಲುದ್ದ ಐತಿ!"

ಭೀಮಾಶಂಕರ ಒಂದು ಕಲ್ಲನ್ನು ನೀರಿಗೆ ಹಾಕಿದ. ದೀಪದ ಬೆಳಕಿನಲ್ಲಿ ಅದು ಇಳಿಯಿತು... ಇಳಿಯುತ್ತಲೇ ಹೋಯಿತು... ಜೋಳದ ಕಾಳಿನಷ್ಟು ಸಣ್ಣದಾಗಿ ತಳ ಮುಟ್ಟಿತು.

ಶಿವದೇವಿ ನೀರಿನ ಅಂಚಿನಿಂದ ಹಿಂದೆ ಸರಿದಳು.

ಸೇಡಂ ಕಡೆಯ ಫರಸಿಕಲ್ಲಿನ ಗಣಿಯಲ್ಲಿ ಬೆಳೆದು, ಕಲ್ಲು ಹಾಸುವ ಕೆಲಸಕ್ಕೆ ಹೈದರಾಬಾದಿಗೆ ಬಂದವರು ಇವರೆಲ್ಲ. ಗಣಿಯ ಹೊಂಡದಲ್ಲಿ ನೀರು ಕಲ್ಲುಪುಡಿ ಕದಡಿ ಬೆಳ್ಳಗಿದ್ದರೆ ಆಳ, ತಳ ಕಂಡರೆ ಮೊಳಕಾಲುದ್ದ. ಅಲ್ಲಿನ ಕೂಸುಗಳಿಗೂ ಗೊತ್ತಿದ್ದ ಮಾತು. ಇಲ್ಲಿ ಅದೇ ಮಾತು ಜೀವ ತೆಗೆದಿತ್ತು.

"ಭರತಗ 'ಇಳಿಯಲೇ, ಏನಾಗಂಗಿಲ್ಲ' ಅಂದವ ನಾನೇ, ಶಿವಿ..."

"ಇಳಿ ಅಂತ ಹೇಳಿ ನೀ ಮಾತ್ರ ದಡದಾಗ ನಿಂತಿ!"

"ದಡದಾಗ ಎಲ್ಲಿ ನಿಂತನವ್ವಾ?" ಗುಹೆ ತೋರಿಸುವ ಮುದುಕ ಮಾಣಿಕಪ್ಪ ತಡೆಯಲಾರದೆ ನಡುವೆ ಬಂದ. "ಮುಳುಗಿ ಮುಳುಗಿ ಹುಡುಕಿದ. ಉಸಿರು ಕಟ್ಟಿದಾಗ ನಾವು ಎಳ್ದು ಹಾಕಿದ್ವಿ. ಚಳಿಗೆ ನಡಗಾಕತ್ತಿದ್ದ, ನನ್ನ ಅಂಗಿ ತೊಡಿಸಿ ಕಳಿಸಿದೆ. ಈಗೂ ಸೂಟಿ ಸಿಕ್ಕಾಗೆಲ್ಲ ಬಂದು, ಯಾರೂ ನೀರಿಗೆ ಇಳೀದಂಗ ಇಲ್ಲೇ ಕಾವಲು ನಿಂದರ್ತಾನ."

ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅಂತ ಹಿರಿಯರು ಸುಮ್ಮನೆ ಹೇಳಿಲ್ಲ. ನಮ್ಮ ಶಿವದೇವಿ ಒಂದು ಅಂಗಿ ನೋಡಿ ಮನುಷ್ಯನನ್ನೇ ಅಳೆದುಬಿಟ್ಟಿದ್ದಳು! ಅವಳಿಗೆ ನಾಚಿಕೆಯೂ ದುಃಖವೂ ಒಟ್ಟಿಗೇ ಉಕ್ಕಿ ಬಂದವು.

"ಯಾಕ ಹೇಳಲಿಲ್ಲ ನೀ?"

"ಹೇಳಿದ್ರ ಭರತ ಎದ್ದು ಬರ್ತಿದ್ನೇನು? ಇಳಿ ಅಂದ ಬಾಯಿ ನಂದು... ಅದಕ್ಕ ಮಾಫಿ ಇಲ್ಲ."

ಅವಳು ದಡದಲ್ಲೇ ಕೂತು ಹೂ ಬಿಟ್ಟಳು. ಹೂ ಅಲ್ಲಾಡದೆ ನಿಂತಿತು. 'ಅಣ್ಣಾ... ಇವನನ್ನೂ ನಾನು ಸಿಟ್ಟಿನಾಗ ಜೀವಂತ ಕೊಲ್ಲಾಕತ್ತಿದ್ನಲ್ಲೋ!'

"ಅವತ್ತು ನಾನಿದ್ರೂ 'ಇಳಿ' ಅಂತಿದ್ದೆ, ಭೀಮಾ. ಈಗ ನಾನೇ ಇಳಿಯಾಕ ಹೊಂಟಿದ್ನಲ್ಲ!" ಬಿಕ್ಕುತ್ತಾ ಅವನ ಕೈ ಹಿಡಿದಳು. "ಮನೀಗೆ ಬಾ. ನಿನ್ನ ಬಿಟ್ಟು ಇರಾಕ ಆಗವಲ್ದು ನನಗ."

ವರ್ಷದಿಂದ ಅಳದವನು ಆಗ ಅತ್ತುಬಿಟ್ಟ.

"ಅವ್ವ ಬಾಗಲಾ ತಗೀಲಿಲ್ಲಂದ್ರ?"

"ತಗೀಲಿಕ್ಕಿಲ್ಲ."

"ಮತ್ತ?"

"ಹೊರಗ ಕುಂದ್ರೂಣು. ನಾನೂ ಕುಂದರ್ತೀನಿ, ನಿನ್ನ ಜೋಡಿ."